ಹಾಕಿಯ ಕತೆ, ನೆಲದ ಕಡೆಯಿಂದ

(ಮೈಸೂರಿನಲ್ಲಿ ದೈಹಿಕ ಶಿಕ್ಷಣ ಶಿಕ್ಷಕರ ಸಭೆಯೊಂದರಲ್ಲಿ ಆಡಿದ ಮಾತುಗಳು ಇವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ಎರಡು ಸ್ಟಿಕ್ ಇಟ್ಟಿದ್ದೇನೆ, ನೋಡಿ. ಒಂದು ಹಿಪ್ಪುನೇರಳೆ ಮರದ್ದು, ನಾನು ಕಾಲೇಜಿಗೆ ಆಡುತ್ತಿದ್ದಾಗಿನದು. ಹಿಡಿಗೆ ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿದ್ದೇನೆ. ಮಳೆಗಾಲದಲ್ಲಿ ಕೈ ಜಾರದಿರಲಿ ಅಂತ ಆಗ ಎಲ್ಲರೂ ಹಾಗೇ ಮಾಡುತ್ತಿದ್ದೆವು. ಕೆಳಗಿನ ಬಾಗು ಸೀಳು ಬಿಟ್ಟಿದೆ. ದಾರ ಬಿಗಿದು, ಅಂಟು ಹಾಕಿ, ಇನ್ನೂ ಎರಡು ವರ್ಷ ಅದರಲ್ಲೇ ಆಡಿದೆ. ಇನ್ನೊಂದು ಕಾರ್ಬನ್ ಫೈಬರಿನದು, ನನ್ನ ಹತ್ತಿರ ಕಲಿತ ಹುಡುಗಿಯೊಬ್ಬಳದು. ಎರಡನ್ನೂ ಕೈಯಿಂದ ಕೈಗೆ ಕೊಡುತ್ತಾ ಹೋಗಿ. ತೂಕ ನೋಡಿ, ಬೆರಳಲ್ಲಿ ತಟ್ಟಿ ಸದ್ದು ಕೇಳಿ. ಮರದ ಸ್ಟಿಕ್ಕಿನ ಅಡಿಭಾಗವನ್ನು ಮುಟ್ಟಿ ನೋಡಿದರೆ ಸಣ್ಣ ಸಣ್ಣ ಕಚ್ಚುಗಳು ಕೈಗೆ ಸಿಗುತ್ತವೆ. ಅವು ಕಲ್ಲು ಬಡಿದು ಆದವು. ಹೊಸ ಸ್ಟಿಕ್ಕಿನಲ್ಲಿ ಅಂಥದ್ದು ಒಂದೂ ಇಲ್ಲ, ಯಾಕೆಂದರೆ ಅದು ಯಾವತ್ತೂ ಮಣ್ಣಿಗೆ ಇಳಿದದ್ದೇ ಇಲ್ಲ.

ನಾನು ಇವತ್ತು ಹೇಳಬೇಕೆಂದಿರುವುದು ಈ ಕಚ್ಚುಗಳ ವಿಷಯವೇ. ಹಾಕಿಯ ಚರಿತ್ರೆಯನ್ನು ಸಾಮಾನ್ಯವಾಗಿ ಪದಕಗಳ ಲೆಕ್ಕದಲ್ಲಿ ಹೇಳುತ್ತಾರೆ. ನನಗೆ ಅದು ನೆಲದ ಚರಿತ್ರೆಯಾಗಿ ಕಾಣುತ್ತದೆ. ಕಾಲಡಿಯ ನೆಲ ಬದಲಾದಾಗಲೆಲ್ಲ ಚೆಂಡು ಬದಲಾಗಿದೆ, ಸ್ಟಿಕ್ ಬದಲಾಗಿದೆ, ಗೆಲ್ಲುವವರೂ ಬದಲಾಗಿದ್ದಾರೆ.

ಮೊದಲಿಗೆ ಬಹಳ ಹಳೆಯ ಕತೆ. ಈಜಿಪ್ಟಿನಲ್ಲಿ ನೈಲ್ ನದಿಯ ದಂಡೆಯ ಬೇನಿ ಹಸನ್ ಎಂಬಲ್ಲಿ ಬಂಡೆ ಕೊರೆದು ಮಾಡಿದ ಗೋರಿಗಳಿವೆ. ಸುಮಾರು 4000 ವರ್ಷ ಹಳೆಯವು. ಅಲ್ಲಿನ ಒಂದು ಗೋಡೆಚಿತ್ರದಲ್ಲಿ ಇಬ್ಬರು ತುದಿ ಬಾಗಿದ ಕೋಲು ಹಿಡಿದು ಎದುರುಬದುರು ನಿಂತಿದ್ದಾರೆ, ನಡುವೆ ಒಂದು ಬಳೆಯಂಥದ್ದು. ಅಥೆನ್ಸಿನ ಹಳೆಯ ಕೋಟೆಗೋಡೆಯಲ್ಲಿ 1922ರಲ್ಲಿ ಸಿಕ್ಕ ಅಮೃತಶಿಲೆಯ ಪೀಠವೊಂದರಲ್ಲೂ ಹೀಗೇ ಇದೆ. ಅದು ಕ್ರಿ.ಪೂ. 510ರ ಸುಮಾರಿನದು. ಆರು ಜನ ಹುಡುಗರು, ನಡುವಿನ ಇಬ್ಬರು ಬಗ್ಗಿ, ಕೋಲಿಗೆ ಕೋಲು ತಾಗಿಸಿ, ಕೆಳಗಿರುವ ಚೆಂಡಿನ ಮೇಲೆ ಕಣ್ಣಿಟ್ಟಿದ್ದಾರೆ. ನಮ್ಮ ಕಾಲದಲ್ಲಿ ಆಡಿದವರು ಅದನ್ನು ಕಂಡ ತಕ್ಷಣ "ಬುಲ್ಲಿ!" ಅನ್ನುತ್ತಾರೆ. ಹಿಂದಿನ ಸಾಲಿನಲ್ಲಿರುವ ಹಿರಿಯರು ನಗುತ್ತಿದ್ದೀರಿ, ನಿಮಗೆ ನೆನಪಿದೆ. ನೆಲಕ್ಕೊಂದು, ಸ್ಟಿಕ್ಕಿಗೊಂದು, ಹೀಗೆ ಮೂರು ಸಲ ತಟ್ಟಿ ಚೆಂಡಿಗೆ ಮುಗಿಬೀಳುತ್ತಿದ್ದದ್ದು. 1981ರವರೆಗೂ ಆಟ ಶುರುವಾಗುತ್ತಿದ್ದದ್ದು ಹಾಗೆಯೇ.

ಆದರೆ ಇವನ್ನೆಲ್ಲ ತೋರಿಸಿ ಹಾಕಿ ಈಜಿಪ್ಟಿನಲ್ಲಿ ಹುಟ್ಟಿತು, ಗ್ರೀಸಿನಲ್ಲಿ ಹುಟ್ಟಿತು ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಬಾಗಿದ ಕೋಲು ಕೈಯಲ್ಲಿದ್ದು, ಉರುಳುವ ವಸ್ತುವೊಂದು ಕಾಲಿಗೆ ಸಿಕ್ಕರೆ, ಯಾವ ಊರಿನ ದನ ಕಾಯುವ ಹುಡುಗನಾದರೂ ಈ ಆಟ ಕಂಡುಹಿಡಿಯುತ್ತಾನೆ. ಪಂಜಾಬಿನಲ್ಲಿ ಚಿಂದಿಬಟ್ಟೆಯ ಚೆಂಡು, ಬಾಗಿದ ಕೊಂಬೆ ಹಿಡಿದು ಆಡುವ ಖಿದ್ದೋ ಖೂಂಡಿ ಇದೆ. ಮಣಿಪುರದಲ್ಲಿ ಬಿದಿರಿನ ಬುಡದಿಂದ ಚೆಂಡು ಮಾಡಿಕೊಂಡು ಆಡುವ ಖೋಂಗ್ ಕಾಂಗ್ಜೈ ಇದೆ. ಐರ್ಲೆಂಡಿನಲ್ಲಿ ಹರ್ಲಿಂಗ್, ಸ್ಕಾಟ್ಲೆಂಡಿನಲ್ಲಿ ಶಿಂಟಿ, ಚೀನಾದ ಒಳ ಮಂಗೋಲಿಯಾದ ದೌರ್ ಜನರಲ್ಲಿ ಬೇಯ್ಕೌ. ಯಾರೂ ಯಾರಿಂದಲೂ ಕಲಿಯಬೇಕಾಗಿರಲಿಲ್ಲ. ಇಂಥ ಆಟಗಳು ಊರಿನ ಹಿರಿಯರಿಗೆ ತಲೆನೋವಾಗಿದ್ದೂ ಉಂಟು. 1527ರಲ್ಲಿ ಐರ್ಲೆಂಡಿನ ಗಾಲ್ವೇ ಪಟ್ಟಣದವರು "ಹಾಕಿ ಕೋಲು" ಹಿಡಿದು ಸಣ್ಣ ಚೆಂಡು ಹೊಡೆಯುವುದನ್ನೇ ನಿಷೇಧಿಸಿದರು, ದೊಡ್ಡ ಚೆಂಡನ್ನು ಕಾಲಲ್ಲಿ ಒದೆಯಲು ಮಾತ್ರ ಅನುಮತಿ ಕೊಟ್ಟರು. ಹಾಕಿ ಎಂಬ ಹೆಸರು ಕೋಲಿನ ಜೊತೆ ಸೇರಿ ಬರಹದಲ್ಲಿ ಕಾಣುವುದು ಅಲ್ಲಿ.

ನಾವು ಆಡುವ ಹಾಕಿ ಹುಟ್ಟಿದ್ದು ಲಂಡನ್ನಿನ ಸುತ್ತಮುತ್ತ, 19ನೇ ಶತಮಾನದಲ್ಲಿ, ಎರಡು ಬೇರೆ ಬೇರೆ ನೆಲಗಳ ಜಗಳದಲ್ಲಿ. ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಆಗ್ನೇಯ ಲಂಡನ್ನಿನಲ್ಲಿ ಬ್ಲ್ಯಾಕ್‌ಹೀತ್ ಅಂತ ಒಂದು ಬಯಲಿದೆ. ಅಲ್ಲಿನ ಕ್ಲಬ್ಬಿನವರು 1860ರ ದಶಕದಲ್ಲೇ ದಾಖಲೆ ಇಟ್ಟುಕೊಂಡು ಹಾಕಿ ಆಡುತ್ತಿದ್ದರು. ಉಬ್ಬುತಗ್ಗಿನ ಒರಟು ಬಯಲು. ಅವರ ಚೆಂಡು ದುಂಡಗಿರಲಿಲ್ಲ. ರಬ್ಬರಿನ ಘನ ತುಂಡು ಅದು, ಪೆಟ್ಟಿಗೆಯಂತೆ ಮೂಲೆಗಳಿದ್ದದ್ದು! ಅಂಥ ನೆಲದಲ್ಲಿ ಅದು ಎತ್ತ ಪುಟಿಯುತ್ತದೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಆಟಗಾರರು ಗುಂಪುಗೂಡಿ ನುಗ್ಗುತ್ತಿದ್ದರು, ರಗ್ಬಿಯ ಹಾಗೆ. ಅಲ್ಲಿ ಬೇಕಾಗಿದ್ದದ್ದು ಮೈಬಲ.

ನಗರದ ಇನ್ನೊಂದು ದಿಕ್ಕಿನಲ್ಲಿ, ನೈರುತ್ಯಕ್ಕೆ, ಟೆಡ್ಡಿಂಗ್ಟನ್. ಅಲ್ಲಿನ ಕ್ರಿಕೆಟಿಗರಿಗೆ ಚಳಿಗಾಲ ಕಳೆಯಲು ಒಂದು ಆಟ ಬೇಕಿತ್ತು. 1871ರಲ್ಲಿ ಅವರು ಬುಶಿ ಪಾರ್ಕಿನ ಸಮತಟ್ಟಾದ ಹುಲ್ಲಿನ ಮೇಲೆ ಹಾಕಿ ಶುರುಮಾಡಿದರು. ರಬ್ಬರ್ ತುಂಡು ಅವರಿಗೆ ಹಿಡಿಸಲಿಲ್ಲ, ಕೈಗೆ ಸಿಕ್ಕಿದ ಕ್ರಿಕೆಟ್ ಚೆಂಡನ್ನೇ ನೆಲಕ್ಕಿಟ್ಟರು. ನೆಲ ಸಮವಾಗಿದ್ದದ್ದರಿಂದ ಚೆಂಡು ನೇರವಾಗಿ ಉರುಳಿತು. ಉರುಳಿದ್ದರಿಂದ ಪಾಸ್ ಕೊಡಬಹುದಾಯಿತು. ಆದರೆ ಗಟ್ಟಿ ಚೆಂಡನ್ನು ದೂರದಿಂದ ಬೀಸಿ ಹೊಡೆದರೆ ಕಾಲು ಮುರಿಯುವ ಅಪಾಯ. ಅದಕ್ಕೇ ಸ್ಟಿಕ್ಕನ್ನು ಭುಜಕ್ಕಿಂತ ಮೇಲೆತ್ತಬಾರದು ಅಂದರು. ಗೋಲಿನ ಮುಂದೆ ಒಂದು ಗೆರೆ ಎಳೆದು, ಅದರೊಳಗಿಂದ ಹೊಡೆದರೆ ಮಾತ್ರ ಗೋಲು ಅಂದರು. ನಾವು ಇವತ್ತು "ಡಿ" ಅನ್ನುವುದು ಅದನ್ನೇ. ಈಗ ಅದರ ಅಳತೆ 14.63 ಮೀಟರ್, ಅಂದರೆ ಹಳೆಯ 16 ಗಜ. ಮಕ್ಕಳಿಗೆ ಡಿ ಹಾಕಿ ತೋರಿಸುವಾಗ ಸುಣ್ಣದ ಪುಡಿ ಚೆಲ್ಲಿ ಸುಮ್ಮನಾಗಬೇಡಿ. ಗಟ್ಟಿ ಚೆಂಡಿಗೆ ಹೆದರಿದ ಜನ ಯೋಚನೆ ಮಾಡಿ ಎಳೆದ ಗೆರೆ ಅದು ಅಂತ ಹೇಳಿ. ಹಾಕಿಯ ಬುದ್ಧಿವಂತಿಕೆಯೆಲ್ಲ ಆ ಗೆರೆಯಲ್ಲಿದೆ.

1886ರಲ್ಲಿ ಲಂಡನ್ನಿನಲ್ಲಿ ಹಾಕಿ ಅಸೋಸಿಯೇಷನ್ ಕಟ್ಟಿದಾಗ ಟೆಡ್ಡಿಂಗ್ಟನ್ನಿನ ನಿಯಮಗಳೇ ಗೆದ್ದವು. ಬ್ಲ್ಯಾಕ್‌ಹೀತಿನವರು ಸೇರಲಿಲ್ಲ. 1887ರಲ್ಲಿ ಬೇರೆ ಒಕ್ಕೂಟ ಮಾಡಿಕೊಂಡು, ತಂಡಕ್ಕೆ 15 ಜನರಂತೆ ತಮ್ಮ ಆಟವನ್ನೇ ಆಡುತ್ತಾ ಹೋದರು. ಹತ್ತು ವರ್ಷವೂ ಆಗಲಿಲ್ಲ, ಆ ಆಟ ಮುಗಿದುಹೋಯಿತು. ಒರಟು ನೆಲ ಸೋತು ನುಣುಪು ನೆಲ ಗೆದ್ದದ್ದು ಅದೇ ಮೊದಲು. ಮುಂದೆ ಇದೇ ಸಂಗತಿ ನಮಗೂ ಆಯಿತು, ಅಲ್ಲಿಗೆ ಬರುತ್ತೇನೆ.

ಅದಕ್ಕೆ ಮೊದಲು ಹೆಣ್ಣುಮಕ್ಕಳ ಮಾತು. ಈ ಸಭೆಯಲ್ಲಿ ಅರ್ಧದಷ್ಟು ಮೇಡಂಗಳಿದ್ದೀರಿ, ಇದನ್ನು ಬಿಟ್ಟು ಮುಂದೆ ಹೋಗಲಾರೆ. ಇಂಗ್ಲೆಂಡಿನ ಹೆಂಗಸರು 1880ರ ದಶಕದಲ್ಲೇ ಕ್ಲಬ್ ಕಟ್ಟಿ ಆಡತೊಡಗಿದ್ದರು. ಐರ್ಲೆಂಡಿನವರು 1894ರಲ್ಲಿ ತಮ್ಮದೇ ಒಕ್ಕೂಟ ಮಾಡಿಕೊಂಡರು. ಮರುವರ್ಷ ಇಂಗ್ಲೆಂಡಿನ ಮಹಿಳೆಯರು, ನಮ್ಮನ್ನೂ ಸೇರಿಸಿಕೊಳ್ಳಿ ಅಂತ ಗಂಡಸರ ಅಸೋಸಿಯೇಷನ್ನಿಗೆ ಕೇಳಿದರು. ಆಗುವುದಿಲ್ಲ ಎಂಬ ಉತ್ತರ ಬಂತು. ಅವರು ಬೇಸರಪಟ್ಟು ಮನೆಗೆ ಹೋಗಲಿಲ್ಲ. ತಮ್ಮದೇ ಸಂಘ ಕಟ್ಟಿದರು, ಅದರ ಆಡಳಿತ ಮಹಿಳೆಯರದ್ದೇ ಅಂತ ನಿಯಮ ಬರೆದರು. ಉದ್ದಲಂಗ ತೊಟ್ಟು, ಹುಲ್ಲಿನ ಮೇಲೆ ಓಡುತ್ತಾ ಆಡಿದವರು ಅವರು. ಒಲಿಂಪಿಕ್ಸಿಗೆ ಗಂಡಸರ ಹಾಕಿ ಬಂದದ್ದು 1908ರಲ್ಲಿ, ಹೆಂಗಸರ ಹಾಕಿ ಬಂದದ್ದು 1980ರಲ್ಲಿ. ನಡುವೆ 72 ವರ್ಷ! ಆ 1980ರ ಮಾಸ್ಕೋದಲ್ಲಿ ಅನೇಕ ದೇಶಗಳು ಬಹಿಷ್ಕಾರ ಹಾಕಿದ್ದರಿಂದ ಕೊನೇ ಗಳಿಗೆಯಲ್ಲಿ ಕರೆಸಿಕೊಂಡ ಜಿಂಬಾಬ್ವೆ ತಂಡ ಚಿನ್ನ ಗೆದ್ದಿತು. ನಮ್ಮ ಹೆಣ್ಣುಮಕ್ಕಳು ನಾಲ್ಕನೆಯವರಾದರು. 2021ರಲ್ಲಿ ಟೋಕಿಯೊದಲ್ಲಿ ರಾಣಿ ರಾಂಪಾಲ್ ನಾಯಕತ್ವದಲ್ಲಿ ಮತ್ತೆ ನಾಲ್ಕನೆಯ ಸ್ಥಾನ. ಆ ಕಂಚಿನ ಪಂದ್ಯದ ಕೊನೆಯಲ್ಲಿ ಅವರು ಅತ್ತದ್ದನ್ನು ನೋಡಿ ನಾನೂ ಅತ್ತಿದ್ದೇನೆ.

ಈಗ ಭಾರತಕ್ಕೆ ಬರೋಣ. ಕಲ್ಕತ್ತೆಯಲ್ಲಿ 1880ರ ದಶಕದಲ್ಲಿ ಮೊದಲ ಕ್ಲಬ್, 1895ರಿಂದ ಬೇಟನ್ ಕಪ್, ಮುಂಬಯಿಯಲ್ಲಿ ಆಗಾಖಾನ್ ಕಪ್. ಆಟ ಹರಡಿದ್ದು ಹೆಚ್ಚಾಗಿ ಕಂಟೋನ್‌ಮೆಂಟಿನಿಂದ ಕಂಟೋನ್‌ಮೆಂಟಿಗೆ, ಸೈನಿಕರ ಜೊತೆ. ಇಲ್ಲಿಯ ನೆಲವೇ ಬೇರೆ. ಪಂಜಾಬ್, ಝಾನ್ಸಿ, ಭೋಪಾಲದ ಕಡೆ ಬೇಸಿಗೆಯ ಮೈದಾನ ಅಂದರೆ ಹುಲ್ಲು ಸತ್ತು, ಗಟ್ಟಿಯಾಗಿ, ಅಲ್ಲಲ್ಲಿ ಬಿರುಕು ಬಿಟ್ಟ ಮಣ್ಣು. ಇಂಗ್ಲೆಂಡಿನ ಒದ್ದೆ ಹುಲ್ಲಿನಲ್ಲಿ ಚೆಂಡು ನಿಧಾನ, ಅಲ್ಲಿ ಬಲವಾಗಿ ಬಾರಿಸಬೇಕು. ಅದಕ್ಕೆ ಅವರ ಸ್ಟಿಕ್ಕಿನ ಕೆಳಬಾಗು ಉದ್ದ. ನಮ್ಮ ನೆಲದಲ್ಲಿ ಚೆಂಡು ಸರ್ರನೆ ಬರುತ್ತದೆ, ಕಲ್ಲಿಗೆ ತಾಗಿ ದಿಕ್ಕು ಬದಲಿಸುತ್ತದೆ. ಅದನ್ನು ಮಣಿಕಟ್ಟಿನಲ್ಲಿ ಸಂಭಾಳಿಸಬೇಕು. ಇಲ್ಲಿ ಬಾಗು ಚಿಕ್ಕದಾಯಿತು, ಬಿಗಿಯಾಯಿತು.

ಈಗ ಆ ಹಳೆಯ ಸ್ಟಿಕ್ ಯಾರ ಕೈಯಲ್ಲಿದೆ? ಮೇಲೆತ್ತಿ ಎಲ್ಲರಿಗೂ ತೋರಿಸಿ, ಮೇಷ್ಟ್ರೇ. ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ದುಂಡು. ಆಡಬೇಕಾದದ್ದು ಚಪ್ಪಟೆ ಬದಿಯಲ್ಲಿ ಮಾತ್ರ. ಎಡಗೈಯವರಿಗೆ ಬೇರೆ ಸ್ಟಿಕ್ ಈ ಆಟದಲ್ಲಿ ಇಲ್ಲ. ಚೆಂಡು ಎಡಗಡೆ ಬಂದರೆ ಸ್ಟಿಕ್ಕನ್ನೇ ಗರಕ್ಕನೆ ತಿರುಗಿಸಿ, ಮೂತಿ ಕೆಳಗೆ ಮಾಡಿ, ಚಪ್ಪಟೆ ಬದಿಯನ್ನು ಚೆಂಡಿಗೆ ತಾಗಿಸಬೇಕು. ತಿರುಗಿಸುವುದು ಎಡಗೈ, ಬಲಗೈ ಬರಿಯ ಉಂಗುರದಂತೆ ಸಡಿಲವಾಗಿರುತ್ತದೆ. ಉದ್ದ ಬಾಗಿನ ಸ್ಟಿಕ್ಕಿನಲ್ಲಿ ಇದನ್ನು ಮಾಡಿ ನೋಡಿ, ಮೂತಿ ನೆಲಕ್ಕೆ ತಗುಲುತ್ತದೆ. ಚಿಕ್ಕ ಬಾಗಿನಲ್ಲಿ ಸಲೀಸು. ಬಲಕ್ಕೊಂದು ಎಡಕ್ಕೊಂದು ತಟ್ಟುತ್ತಾ, ಚೆಂಡು ಸ್ಟಿಕ್ಕಿಗೆ ಅಂಟಿಕೊಂಡಂತೆ ಓಡುವ ನಮ್ಮ ಡ್ರಿಬಲ್ ಬಂದದ್ದು ಈ ಪುಟ್ಟ ಬಾಗಿನಿಂದ. ಇದರ ಮರವೂ ನಮಗೆ ಗೊತ್ತಿರುವುದೇ. ರಾಮನಗರ, ಚನ್ನಪಟ್ಟಣದ ಕಡೆ ರೇಷ್ಮೆಹುಳುವಿಗೆ ಸೊಪ್ಪು ಕೊಯ್ಯುವ ಹಿಪ್ಪುನೇರಳೆ. ನಾವು ಅದನ್ನು ಗಿಡವಾಗಿಯೇ ಕತ್ತರಿಸುತ್ತಿರುತ್ತೇವೆ, ಪಂಜಾಬಿನಲ್ಲಿ ಮರವಾಗಲು ಬಿಡುತ್ತಾರೆ. ಅದರ ಕಟ್ಟಿಗೆಯನ್ನು ಹಬೆಯಲ್ಲಿ ಮೆತ್ತಗೆ ಮಾಡಿ ಬಾಗಿಸುತ್ತಾರೆ. ಸಿಯಾಲ್‌ಕೋಟ್ ಈ ಕಸುಬಿನ ಊರು. ದೇಶ ಒಡೆದಾಗ ಅಲ್ಲಿಂದ ಬಂದ ಕಸುಬುದಾರರು ಜಲಂಧರಿನಲ್ಲಿ ನೆಲೆ ನಿಂತರು.

1928ರಲ್ಲಿ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸಿಗೆ ಹೊರಟ ತಂಡದಲ್ಲಿ ಅರ್ಧದಷ್ಟು ಜನ ಆಂಗ್ಲೋ ಇಂಡಿಯನ್ನರು. ನಾಯಕ ಜೈಪಾಲ್ ಸಿಂಗ್, ಛೋಟಾ ನಾಗಪುರದ ಮುಂಡಾ ಆದಿವಾಸಿ, ಆಕ್ಸ್‌ಫರ್ಡಿನಲ್ಲಿ ಓದಿದವರು. ಮುಂದೆ ಸಂವಿಧಾನ ಸಭೆಯಲ್ಲಿ ಆದಿವಾಸಿಗಳ ಪರವಾಗಿ ಮಾತಾಡಿದವರೂ ಅವರೇ. ಆ ಕೂಟದಲ್ಲಿ ಭಾರತ ಹೊಡೆದದ್ದು 29 ಗೋಲು, ಬಿಟ್ಟುಕೊಟ್ಟದ್ದು ಒಂದೂ ಇಲ್ಲ. 14 ಗೋಲು ಧ್ಯಾನ್‌ಚಂದ್ ಒಬ್ಬರದೇ. ಗೋಲಿ ರಿಚರ್ಡ್ ಆಲನ್ ಹೆಸರನ್ನು ನಾವು ಮರೆತಿದ್ದೇವೆ, ಅದನ್ನೂ ಮಕ್ಕಳಿಗೆ ಹೇಳಿಕೊಡಬೇಕು.

1932ರ ಲಾಸ್ ಏಂಜಲಿಸಿನಲ್ಲಿ ಅಮೆರಿಕವನ್ನು 24-1ರಿಂದ ಸೋಲಿಸಿದ್ದನ್ನು ಎಲ್ಲರೂ ಹೇಳುತ್ತಾರೆ. ಅಲ್ಲಿ ಆಡಿದ್ದು ಮೂರೇ ದೇಶ ಎಂಬುದನ್ನು ಸೇರಿಸಿ ಹೇಳಿದರೆ ಚೆನ್ನ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 1936ರ ಬರ್ಲಿನ್. ಒಲಿಂಪಿಕ್ಸಿಗೆ ಮೊದಲು ಅಭ್ಯಾಸ ಪಂದ್ಯದಲ್ಲಿ ಜರ್ಮನಿ ನಮ್ಮನ್ನು 4-1ರಿಂದ ಸೋಲಿಸಿತ್ತು. ಫೈನಲ್ಲಿಗೆ ಮತ್ತೆ ಅದೇ ಜರ್ಮನಿ. ಮಳೆ ಬಂದು ಪಂದ್ಯ ಒಂದು ದಿನ ಮುಂದಕ್ಕೆ ಹೋಗಿ ಆಗಸ್ಟ್ 15ಕ್ಕೆ ಬಂತು. ನೆಲ ಇನ್ನೂ ಹಸಿ. ಮೊದಲಾರ್ಧದಲ್ಲಿ ಬಂದದ್ದು ಒಂದೇ ಗೋಲು. ಆಮೇಲೆ ನಾಯಕ ಧ್ಯಾನ್‌ಚಂದ್ ಮುಳ್ಳಿನ ಬೂಟು ಕಳಚಿಟ್ಟರು. ಪಂದ್ಯ ಮುಗಿದಾಗ 8-1. ಪಾದಕ್ಕೆ ನೆಲ ತಿಳಿಯಬೇಕು ಅಂತ ಅವರಿಗೆ ಅನ್ನಿಸಿರಬೇಕು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಬ್ರಿಟನ್ ಈ ಮೂರೂ ಒಲಿಂಪಿಕ್ಸಿಗೆ ಹಾಕಿ ತಂಡ ಕಳಿಸಲಿಲ್ಲ. ಹಾಗಾಗಿ ಒಲಿಂಪಿಕ್ಸಿನಲ್ಲಿ ಆಳಿದವರ ಎದುರು ನಾವು ಆಡಿದ್ದು ಸ್ವಾತಂತ್ರ್ಯ ಬಂದ ಮೇಲೆಯೇ, 1948ರ ಆಗಸ್ಟ್ 12ರಂದು, ಅವರದೇ ವೆಂಬ್ಲಿಯಲ್ಲಿ. 4-0. ಅದೇ ಕೂಟದಲ್ಲಿ ಪಾಕಿಸ್ತಾನದ ನಾಯಕರಾಗಿದ್ದ ಅಲಿ ಇಕ್ತಿದಾರ್ ಶಾ ದಾರಾ 1936ರಲ್ಲಿ ಭಾರತಕ್ಕೆ ಚಿನ್ನ ಗೆದ್ದಿದ್ದವರು. 1952, 1956 ಮತ್ತೆ ನಮ್ಮದು. 1960ರಲ್ಲಿ ರೋಮಿನಲ್ಲಿ ಪಾಕಿಸ್ತಾನ, 1964ರಲ್ಲಿ ಟೋಕಿಯೊದಲ್ಲಿ ನಾವು. 1975ರಲ್ಲಿ ಕ್ವಾಲಾಲಂಪುರದಲ್ಲಿ ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ವಿಶ್ವಕಪ್ ಎತ್ತಿದೆವು. ಆ ತಂಡದಲ್ಲಿ ನಮ್ಮ ಕೊಡಗಿನ ಬಿ.ಪಿ. ಗೋವಿಂದ ಇದ್ದರು.

ಮರುವರ್ಷ ನೆಲ ಬದಲಾಯಿತು. 1976, ಮಾಂಟ್ರಿಯಲ್. ಒಲಿಂಪಿಕ್ ಹಾಕಿ ಮೊದಲ ಸಲ ಪ್ಲಾಸ್ಟಿಕ್ ಹುಲ್ಲಿನ ಮೇಲೆ. ಚಿನ್ನ ನ್ಯೂಜಿಲೆಂಡಿಗೆ, ಬೆಳ್ಳಿ ಆಸ್ಟ್ರೇಲಿಯಾಕ್ಕೆ. ಹಿಂದಿನ ವರ್ಷ ವಿಶ್ವಕಪ್ ಗೆದ್ದವರು ಏಳನೆಯ ಸ್ಥಾನದಲ್ಲಿ. ಏನಾಯಿತು? ಟರ್ಫಿನಲ್ಲಿ ಚೆಂಡು ಪುಟಿಯುವುದಿಲ್ಲ, ಹೊಡೆದ ದಿಕ್ಕಿಗೇ ಹೋಗುತ್ತದೆ. ಕಲ್ಲಿನ ಮೇಲೆ ಪುಟಿದ ಚೆಂಡನ್ನು ಹಿಡಿದು ನಿಲ್ಲಿಸುವುದು ನಮಗೆ ಹತ್ತು ವರ್ಷದ ವಿದ್ಯೆ. ಟರ್ಫಿನಲ್ಲಿ ಯಾರು ಬೇಕಾದರೂ ಸ್ಟಿಕ್ ಅಡ್ಡ ಇಟ್ಟು ನಿಲ್ಲಿಸಬಹುದು. ನಮ್ಮ ವಿದ್ಯೆಯ ಬೆಲೆ ಒಂದೇ ದಿನದಲ್ಲಿ ಇಳಿಯಿತು, ಓಟ ಮತ್ತು ದಮ್ಮಿನ ಬೆಲೆ ಏರಿತು.

ಆದರೆ ಟರ್ಫನ್ನು ಮಾತ್ರ ದೂರಿ ಕೂರುವುದು ಸರಿಯಲ್ಲ. ಪಾಕಿಸ್ತಾನದವರೂ ನಮ್ಮಂಥ ಮಣ್ಣಿನಲ್ಲೇ ಕಲಿತವರು. ಮಾಂಟ್ರಿಯಲ್ಲಿನಲ್ಲಿ ಅವರು ಕಂಚು ಗೆದ್ದರು, 1978 ಮತ್ತು 1982ರ ವಿಶ್ವಕಪ್ ಗೆದ್ದರು, 1984ರ ಒಲಿಂಪಿಕ್ ಚಿನ್ನವನ್ನೂ ಗೆದ್ದರು. ನಾವು 1980ರಲ್ಲಿ ಮಾಸ್ಕೋದಲ್ಲಿ ಸ್ಪೇನನ್ನು 4-3ರಿಂದ ಮಣಿಸಿದ್ದು ಟರ್ಫಿನ ಮೇಲೆಯೇ. ಕೊಡಗಿನ ಎಂ.ಎಂ. ಸೋಮಯ್ಯ ಆ ತಂಡದಲ್ಲಿದ್ದರು, 1988ರಲ್ಲಿ ಸೋಲ್‌ನಲ್ಲಿ ನಾಯಕರೂ ಆದರು. ನಾವು ಮಾಡಿದ ತಪ್ಪು ಬೇರೆ. ಊರಿನ ಮಗು ಮಣ್ಣಿನಲ್ಲಿ ಕಲಿತು, ಜಿಲ್ಲೆಗೆ ಆಡಿ, ರಾಜ್ಯಕ್ಕೆ ಆಡಿ, ಕೊನೆಗೆ ಶಿಬಿರಕ್ಕೆ ಹೋದಾಗ ಮೊದಲ ಸಲ ಟರ್ಫ್ ಕಾಣುವಂತೆ ದಶಕಗಟ್ಟಲೆ ಬಿಟ್ಟೆವು. ನಾನು ಮೊದಲ ಸಲ ಟರ್ಫಿಗೆ ಇಳಿದಾಗ ನನಗೆ ಇಪ್ಪತ್ತು ತುಂಬಿತ್ತು. ಮೊದಲ ಹತ್ತು ನಿಮಿಷ ನಾನು ಸ್ಟಿಕ್ಕನ್ನು ಒಂದು ಇಂಚು ಮೇಲೆತ್ತಿಯೇ ಹಿಡಿದಿದ್ದೆ, ಪುಟಿದು ಬರುವ ಚೆಂಡಿಗೆ ಕಾಯುತ್ತಾ. ಚೆಂಡು ಕೆಳಗಿಂದ ಹೋಗುತ್ತಲೇ ಇತ್ತು.

ಟರ್ಫು ಬಂದ ಮೇಲೆ ನಿಯಮಗಳೂ ಸರಸರ ಬದಲಾದವು. 1990ರ ದಶಕದಲ್ಲಿ ಆಫ್‌ಸೈಡ್ ಹೋಯಿತು, ಕಾರ್ಬನ್ ಸ್ಟಿಕ್ ಬಂತು, ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸುವ ಪದ್ಧತಿ ಬಂತು. ಪೆನಾಲ್ಟಿ ಕಾರ್ನರಿನಲ್ಲಿ ಚೆಂಡನ್ನು ಸ್ಟಿಕ್ಕಿನಿಂದ ಎಳೆದು ಗೋಲಿಗೆ ಚಿಮ್ಮಿಸುವ ಡ್ರ್ಯಾಗ್ ಫ್ಲಿಕ್ ಬಂತು, ನಮ್ಮ ಕೊಡಗಿನ ವಿ.ಆರ್. ರಘುನಾಥ್ ಅದರಲ್ಲಿ ಪಳಗಿದವರು. 2012ರಲ್ಲಿ ಲಂಡನ್ನಿನಲ್ಲಿ ನೆಲ ನೀಲಿಯಾಯಿತು, ಚೆಂಡು ಹಳದಿಯಾಯಿತು. 2008ರಲ್ಲಿ ಬೀಜಿಂಗಿಗೆ ಅರ್ಹತೆಯೇ ಸಿಗದ ನಾವು ಟೋಕಿಯೊದಲ್ಲಿ ಜರ್ಮನಿಯನ್ನು 5-4ರಿಂದ, ಪ್ಯಾರಿಸಿನಲ್ಲಿ ಸ್ಪೇನನ್ನು 2-1ರಿಂದ ಸೋಲಿಸಿ ಕಂಚು ತಂದೆವು.

ಕೊಡಗಿನ ಹೆಸರು ಆಗಲೇ ಮೂರು ಸಲ ಬಂತು. 1973ರ ವಿಶ್ವಕಪ್ಪಿನಲ್ಲಿ ಬೆಳ್ಳಿ ಗೆದ್ದ ತಂಡದ ನಾಯಕ ಎಂ.ಪಿ. ಗಣೇಶ್, ಗೋಲಿ ಎ.ಬಿ. ಸುಬ್ಬಯ್ಯ, ಅರ್ಜುನ್ ಹಾಲಪ್ಪ, ಸೋಮವಾರಪೇಟೆಯ ಎಸ್.ವಿ. ಸುನಿಲ್, ಹೀಗೆ ಇನ್ನೂ ಇದ್ದಾರೆ. ಅಷ್ಟು ಪುಟ್ಟ ಜಿಲ್ಲೆ, ಅದೂ ಸಮತಟ್ಟು ಜಾಗವೇ ಕಡಿಮೆ ಇರುವ ಗುಡ್ಡದ ನಾಡು. ಸೈನ್ಯಕ್ಕೆ ಸೇರಿದವರು ರಜಕ್ಕೆ ಬರುವಾಗ ಆಟವನ್ನೂ ಮನೆಗೆ ತಂದರು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಕೊಡವ ಕುಟುಂಬಗಳ ನಡುವೆ ಪಂದ್ಯಾವಳಿ ಶುರುಮಾಡಿದಾಗ ಬಂದದ್ದು 60 ಕುಟುಂಬ. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್ಪಿನಲ್ಲಿ 360 ಕುಟುಂಬ. ಪ್ರತಿವರ್ಷ ಒಂದು ಕುಟುಂಬ ನಡೆಸಿಕೊಡುತ್ತದೆ, ಕಪ್ಪಿಗೆ ಆ ಮನೆತನದ ಹೆಸರು. ಒಂದೇ ತಂಡದಲ್ಲಿ ಅಪ್ಪ, ಮಗಳು, ಸೊಸೆ, ದೊಡ್ಡಪ್ಪನ ಮಗ. ರಾಷ್ಟ್ರೀಯ ತಂಡಕ್ಕೆ ಆಡಿದವರೂ ತಮ್ಮ ಒಕ್ಕದ, ಅಂದರೆ ಮನೆತನದ, ಜೆರ್ಸಿ ಹಾಕಿಕೊಂಡು ಚಿಕ್ಕ ಮಕ್ಕಳ ಜೊತೆ ಇಳಿಯುತ್ತಾರೆ. ಗಂಡಸರ ಸಂಘ, ಹೆಂಗಸರ ಸಂಘ ಅಂತ 1895ರಲ್ಲಿ ಇಂಗ್ಲೆಂಡಿನಲ್ಲಿ ಬಿದ್ದ ಗೋಡೆ ಆ ಮೈದಾನದಲ್ಲಿ ಇಲ್ಲ. ನಾನು ಪ್ರಪಂಚದ ಹಾಕಿಯಲ್ಲಿ ತುಂಬ ಪ್ರೀತಿಸುವ ದೃಶ್ಯ ಅದು.

ಇನ್ನೊಂದು ಸಂಗತಿ. ಒಳ್ಳೆಯ ಟರ್ಫಿಗೆ ಪ್ರತಿ ಪಂದ್ಯಕ್ಕೆ ಮೊದಲು ಸಾವಿರಾರು ಲೀಟರ್ ನೀರು ಚಿಮುಕಿಸಬೇಕು. ಇಲ್ಲದಿದ್ದರೆ ಚೆಂಡು ನಿಧಾನವಾಗುತ್ತದೆ, ಬಿದ್ದರೆ ಮೊಣಕಾಲು ಸುಟ್ಟ ಹಾಗೆ ತರಚುತ್ತದೆ. ಬೇಸಿಗೆಯಲ್ಲಿ ಕುಡಿಯಲು ಟ್ಯಾಂಕರ್ ಕಾಯುವ ಊರಿನಲ್ಲಿ ಇದು ಆಗುವ ಮಾತಲ್ಲ. ಅಂತಾರಾಷ್ಟ್ರೀಯ ಫೆಡರೇಷನ್ ಈಗ ನೀರು ಬೇಡದ ಒಣ ಟರ್ಫಿನ ಕಡೆ ಹೆಜ್ಜೆ ಇಟ್ಟಿದೆ. ಪ್ಯಾರಿಸಿನಲ್ಲಿ ಹಾಸಿದ ಹುಲ್ಲಿನ ಎಳೆಗಳ ಪ್ಲಾಸ್ಟಿಕ್ ಬಹುಪಾಲು ಕಬ್ಬಿನಿಂದ ತೆಗೆದದ್ದು. ಮಂಡ್ಯದಿಂದ ಬಂದವರು ಇದನ್ನು ನೆನಪಿಟ್ಟುಕೊಳ್ಳಿ. ನೆಲ ಮತ್ತೊಮ್ಮೆ ಬದಲಾಗುತ್ತಿದೆ, ಈ ಸಲ ನಮ್ಮ ಕಡೆಗೆ ಬರಬಹುದು ಎಂದು ನಾನು ಆಸೆಪಟ್ಟಿದ್ದೇನೆ.

ಮಾತು ಮುಗಿದ ಮೇಲೆ ಮೇಡಂ ಒಬ್ಬರು ಕೇಳಿದರು: "ಸಾರ್, ನಮ್ಮ ಶಾಲೆ ಮೈದಾನ ಒಂದು ಕಡೆಗೆ ಇಳಿಜಾರು. ಅದರಲ್ಲಿ ಹಾಕಿ ಕಲಿಸೋಕಾಗುತ್ತಾ?"

ಆಗುತ್ತದೆ, ಮೇಡಂ. ಮೈದಾನದ ಉದ್ದಕ್ಕೆ ಆಡಿಸಬೇಡಿ. ಇಳಿಜಾರಿಗೆ ಅಡ್ಡಲಾಗಿ ಎರಡು ಚಿಕ್ಕ ಕಣ ಮಾಡಿ, ಒಂದೊಂದು ಕಡೆಗೆ ಐದೈದು ಮಕ್ಕಳು ಸಾಕು. ಮೊದಲ ತಿಂಗಳು ಹೊಡೆಯಲು ಬಿಡಬೇಡಿ. ಚೆಂಡನ್ನು ಮೇಲಿನಿಂದ ಉರುಳಿಸಿ, ನಿಲ್ಲಿಸಲು ಮಾತ್ರ ಕಲಿಸಿ. ಮತ್ತೆ, ಆಟಕ್ಕೆ ಮೊದಲು ಎಲ್ಲ ಮಕ್ಕಳನ್ನೂ ಒಂದು ಸಾಲಿನಲ್ಲಿ ನಿಲ್ಲಿಸಿ, ಈ ತುದಿಯಿಂದ ಆ ತುದಿಗೆ ನಡೆಸುತ್ತಾ ಕಲ್ಲು ಹೆಕ್ಕಿಸಿ. ನಮ್ಮ ಮೇಷ್ಟ್ರು ನಮ್ಮಿಂದ ದಿನಾ ಮಾಡಿಸುತ್ತಿದ್ದರು.